ನಡುರಾತ್ರಿಯ ತೀರ್ಪುಗಾರರು

2018ರ ಮೇ 11ರಂದು ಇಂಗ್ಲೆಂಡಿನ ಷೆಫೀಲ್ಡ್ ಊರಿನ ಆರ್ಕ್ಟಿಕ್ ಮಂಕೀಸ್ ತಂಡದ ಆರನೆಯ ಆಲ್ಬಮ್ ‘ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಆ್ಯಂಡ್ ಕ್ಯಾಸಿನೊ’ ಹೊರಬಂತು. ಅಭಿಮಾನಿಗಳು ಐದು ವರ್ಷ ಕಾದಿದ್ದರು. ಮುಂಚಿತವಾಗಿ ಒಂದೂ ಸಿಂಗಲ್ ಬಿಟ್ಟಿರಲಿಲ್ಲ. ಹಾಗಾಗಿ ಒಳಗೆ ಏನಿದೆ ಎಂಬ ಸುಳಿವು ಹೆಚ್ಚಿನವರಿಗೆ ಇರಲಿಲ್ಲ. ಆಲ್ಬಮ್ಮಿನ ಉದ್ದ ಸುಮಾರು 41 ನಿಮಿಷ. ಅದರ ಮೇಲೆ ತೀರ್ಪು ಕೊಡಲು ಹಲವರಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ. ಗಿಟಾರ್ ಎಲ್ಲಿ ಹೋಯಿತು? ಗುನುಗಲು ಒಂದು ಪಲ್ಲವಿಯೂ ಇಲ್ಲವೇ? ಇದು ತಂಡದ ಆಲ್ಬಮ್ಮೋ, ಗಾಯಕ ಅಲೆಕ್ಸ್ ಟರ್ನರ್ ಒಬ್ಬರೇ ಪಿಯಾನೊ ಮುಂದೆ ಕೂತು ಗೊಣಗಿಕೊಂಡದ್ದೋ? ಬೆಳಕು ಹರಿಯುವ ಮೊದಲೇ ಒಂದು ದೊಡ್ಡ ಗುಂಪು ತಂಡದ ಕಥೆ ಮುಗಿಯಿತೆಂದು ಷರಾ ಬರೆದಾಗಿತ್ತು.

ಹೊಸ ಆಲ್ಬಮ್ ಬಂದಾಗಲೆಲ್ಲ ಇದೇ ಆಟ. ಮೊದಲ ಸಲ ಕೇಳಿದಾಗ ಹುಟ್ಟುವ ಅನಿಸಿಕೆಗೆ ಇಂದಿನ ಸಂಗೀತಲೋಕದಲ್ಲಿ ಸಿಕ್ಕಿರುವ ಗೌರವ ದೊಡ್ಡದು. ಅದು ಪ್ರಾಮಾಣಿಕವಂತೆ, ಕಲಬೆರಕೆ ಇಲ್ಲದ್ದಂತೆ, ಬುದ್ಧಿ ಮಧ್ಯೆ ಬಂದು ಕೆಡಿಸುವ ಮೊದಲಿನ ಮನಸ್ಸಿನ ಮಾತಂತೆ. ಈ ವಾದಕ್ಕೆ ನಮ್ಮ ಅಡುಗೆಮನೆಯಲ್ಲೇ ಸಮರ್ಥನೆ ಸಿಗುತ್ತದೆ: ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಪಾತ್ರೆಯನ್ನೆಲ್ಲ ಕಲಸಬೇಕಿಲ್ಲ. ಒಳ್ಳೆಯ ಹಾಡಾದರೆ ಮೊದಲ ಸಲವೇ ನಾಟುತ್ತದೆ, ನಾಲ್ಕಾರು ಸಲ ಕೇಳಿ ಒಗ್ಗಿಸಿಕೊಳ್ಳಬೇಕಾದ್ದು ಔಷಧ, ಊಟವಲ್ಲ ಎಂಬುದು ಇದರ ಮುಂದುವರಿಕೆ.

ಕೇಳಲು ಚೆನ್ನಾಗಿದೆ. ಆದರೆ ಒಂದು ಪಾತ್ರೆಯ ಅಗುಳುಗಳೆಲ್ಲ ಒಂದೇ ಅಕ್ಕಿಯವು, ಒಂದೇ ನೀರಿನಲ್ಲಿ ಒಂದೇ ಉರಿಯಲ್ಲಿ ಬೆಂದವು. ಆಲ್ಬಮ್ಮಿನ ಹನ್ನೊಂದು ಹಾಡುಗಳು ಹಾಗಲ್ಲ. ಇನ್ನೂ ಒಂದು ತೊಡಕಿದೆ. ಅಗುಳು ಹಿಸುಕುವವರಿಗೆ ಅನ್ನ ಹೇಗಿರಬೇಕೆಂದು ಮೊದಲೇ ಗೊತ್ತಿರುತ್ತದೆ. ತಂಡವೊಂದು ಏನು ಬೇಯಿಸಲು ಹೊರಟಿದೆ ಎಂಬುದೇ ತಿಳಿಯದೆ ಬೆಂದಿಲ್ಲ ಎನ್ನುವವರು, ಅವಲಕ್ಕಿಯ ಬಟ್ಟಲಿಗೆ ಕೈ ಹಾಕಿ ಅನ್ನ ಹಸಿಯಾಗಿದೆ ಎಂದು ದೂರಿದಂತಾಯಿತು.

ಅಸಲಿಗೆ ಮೊದಲ ಸಲ ಕಿವಿಗೆ ಬೀಳುವುದು ಏನು? ಹೊಸ ಆಲ್ಬಮ್ಮಿಗಿಂತ ಹೆಚ್ಚಾಗಿ ಹಳೆಯ ಆಲ್ಬಮ್ಮಿನ ಗೈರುಹಾಜರಿ.

ಆರ್ಕ್ಟಿಕ್ ಮಂಕೀಸ್ ವಿಷಯದಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. 2006ರ ಜನವರಿಯಲ್ಲಿ ಡೊಮಿನೊ ಎಂಬ ಸ್ವತಂತ್ರ (ಇಂಡೀ) ಲೇಬಲ್ ಮೂಲಕ ಬಂದ ಇವರ ಚೊಚ್ಚಲ ಆಲ್ಬಮ್ ಬ್ರಿಟನ್ನಿನಲ್ಲಿ ಒಂದೇ ವಾರಕ್ಕೆ 3,63,000ಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ದಾಖಲೆ ಬರೆಯಿತು. 2013ರ ಆಲ್ಬಮ್ ‘ಎಎಂ’ ತನ್ನ ದಪ್ಪ ಗಿಟಾರ್ ನುಡಿಸಾಣಿಕೆಯಿಂದ ಅಮೆರಿಕವನ್ನೂ ಗೆದ್ದಿತು. ಆ ಐದು ವರ್ಷ ಅಭಿಮಾನಿಗಳ ಕಿವಿಯಲ್ಲಿ ಮೊಳಗುತ್ತಿದ್ದುದು ಅದೇ ಗಿಟಾರ್. ಇತ್ತ ಟರ್ನರ್‌ಗೆ ಮೂವತ್ತನೆಯ ಹುಟ್ಟುಹಬ್ಬಕ್ಕೆ ತಂಡದ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೊ ಉಡುಗೊರೆ ಕೊಟ್ಟಿದ್ದರು. ಲಾಸ್ ಏಂಜಲೀಸ್‌ನ ಮನೆಯ ಒಂದು ಕೋಣೆಯಲ್ಲಿ ಅದರ ಮುಂದೆ ಕೂತಾಗ ಹುಟ್ಟಿದ್ದು ಚಂದ್ರನ ಮೇಲಿನ ಒಂದು ಕಾಲ್ಪನಿಕ ಹೋಟೆಲು. ಅಪೊಲೊ 11 ಇಳಿದ ಜಾಗದ ಹೆಸರನ್ನೇ ಅದಕ್ಕೆ ಇಟ್ಟರು. ರಟ್ಟು ಕತ್ತರಿಸಿ ಹೋಟೆಲಿನ ಮಾದರಿಯನ್ನು ಕೈಯಾರೆ ಮಾಡಿದರು, ಅದೇ ಆಲ್ಬಮ್ಮಿನ ಮುಖಪುಟವಾಯಿತು. ಇಷ್ಟೆಲ್ಲ ಬದಲಾಗಿರುವ ಕಡೆ, ಮೊದಲ ರಾತ್ರಿ ಕೇಳಿದವರು ಹುಡುಕಿದ್ದು ‘ಎಎಂ’ ಎರಡನೆಯ ಭಾಗವನ್ನು. ಸಿಗಲಿಲ್ಲ. ಸಿಗದ್ದನ್ನೇ ಆಲ್ಬಮ್ಮಿನ ದೋಷವೆಂದು ಬರೆದುಬಿಟ್ಟರು.

ಆ ಆಲ್ಬಮ್ಮಿನ ನಟ್ಟನಡುವಿನ ಹಾಡು ‘ಫೋರ್ ಔಟ್ ಆಫ್ ಫೈವ್’. ಅದರಲ್ಲಿ ಚಂದ್ರನ ಮೇಲೆ ಒಂದು ಟಾಕೊ ಅಂಗಡಿ ತೆರೆಯುತ್ತದೆ. ಗಿರಾಕಿಗಳು ಅದಕ್ಕೆ ಕೊಡುವ ಅಂಕ ಐದಕ್ಕೆ ನಾಲ್ಕು. ಅಂಗಡಿಯ ಹೆಸರನ್ನು ಟರ್ನರ್ ಎತ್ತಿಕೊಂಡದ್ದು ಅಮೆರಿಕದ ಚಿಂತಕ ನೀಲ್ ಪೋಸ್ಟ್‌ಮನ್ 1985ರ ಪುಸ್ತಕವೊಂದರಲ್ಲಿ ಬಳಸಿದ ಪರಿಭಾಷೆಯಿಂದ: ಮನುಷ್ಯನಿಗೆ ತಲುಪುವ ಮಾಹಿತಿ ಎಷ್ಟು, ಅದರಿಂದ ಅವನು ಮಾಡಬಲ್ಲದ್ದು ಎಷ್ಟು ಎಂಬುದರ ಅನುಪಾತ. ನಕ್ಷತ್ರ ಎಣಿಸಿ ಅಂಕ ಕೊಡುವ ಚಟದ ಮೇಲೇ ಹೆಣೆದ ತಮಾಷೆ ಇದು. ಮೊದಲ ರಾತ್ರಿಯ ಗದ್ದಲದಲ್ಲಿ ಈ ಹಾಡಿಗೂ ಜನ ನಕ್ಷತ್ರ ಎಣಿಸಿದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೂಬೇಕು. ಯಾವುದನ್ನಾದರೂ ಹತ್ತು ಸಲ ಕೇಳಿದರೆ ಇಷ್ಟವಾಗಿಯೇ ಆಗುತ್ತದೆ, ಅದರಲ್ಲಿ ಸಂಗೀತದ ಹೆಚ್ಚುಗಾರಿಕೆ ಏನು? ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಆಕ್ಷೇಪದ ಬೆನ್ನಿಗಿವೆ. ಅರ್ಥವಿಲ್ಲದ ಪದಗಳನ್ನು, ಓದಲು ಬಾರದ ಲಿಪಿಚಿಹ್ನೆಗಳನ್ನು ಮತ್ತೆ ಮತ್ತೆ ತೋರಿಸಿದಂತೆಲ್ಲ ಜನ ಅವುಗಳನ್ನು ಹೆಚ್ಚು ಮೆಚ್ಚಿಕೊಂಡರು. ಕಂಡದ್ದೇ ಕಂಡರೆ ನಂಟು ಬೆಳೆಯುತ್ತದೆ. ಹಾಗಾದರೆ ಹತ್ತನೆಯ ಸಲದ ಮೆಚ್ಚುಗೆಯನ್ನು ನಂಬುವುದು ಹೇಗೆ?

ಕೆನಡಾದ ಸಂಶೋಧಕರು 2004ರಲ್ಲಿ ಇದನ್ನು ಸಂಗೀತಕ್ಕೇ ಅನ್ವಯಿಸಿ ನೋಡಿದರು. ಬೇರೇನೋ ಮಾಡುತ್ತ ಅರೆಗಿವಿಯಲ್ಲಿ ಕೇಳಿಸಿಕೊಂಡವರಿಗೆ, ಕೇಳಿದಷ್ಟೂ ಸಂಗೀತ ಹೆಚ್ಚು ಹಿಡಿಸುತ್ತ ಹೋಯಿತು. ಗಮನವಿಟ್ಟು ಕೇಳಿದವರ ಮೆಚ್ಚುಗೆ ಮೊದಲು ಏರಿತು, ಆಮೇಲೆ ಇಳಿಯಿತು. ಎಂದರೆ ಎಚ್ಚರದ ಕಿವಿ ಸುಮ್ಮನೆ ಒಗ್ಗಿಕೊಳ್ಳುವುದಿಲ್ಲ, ಬೇಸರವನ್ನೂ ಪಡುತ್ತದೆ. ಮರುಕೇಳುವಿಕೆ ಎಲ್ಲ ಸರಕಿಗೂ ಒಂದೇ ಮುದ್ರೆ ಒತ್ತುವ ಗುಮಾಸ್ತನಲ್ಲ.

ಇದಕ್ಕೆ ಇಂಡೀ ಲೋಕ ಒದಗಿಸಿದ ಅತಿ ದೊಡ್ಡ ಸಾಕ್ಷಿ ಓಯಸಿಸ್ ತಂಡದ ‘ಬಿ ಹಿಯರ್ ನೌ’. ಮ್ಯಾಂಚೆಸ್ಟರಿನ ಈ ಹುಡುಗರನ್ನು ಬೆಳೆಸಿದ್ದು ಕ್ರಿಯೇಷನ್ ಎಂಬ ಇಂಡೀ ಲೇಬಲ್. 1995ರಲ್ಲಿ ಅವರ ಎರಡನೆಯ ಆಲ್ಬಮ್ಮಿಗೆ ವಿಮರ್ಶಕರು ಅಳೆದು ಸುರಿದು ಅಂಕ ಕೊಟ್ಟಿದ್ದರು. ಅದು ಲಕ್ಷಗಟ್ಟಲೆ ಮನೆ ಹೊಕ್ಕು ವಿಮರ್ಶಕರ ಮುಖ ಸಪ್ಪೆ ಮಾಡಿತು. ಹಾಗಾಗಿ 1997ರ ಆಗಸ್ಟ್ 21ರಂದು ಮೂರನೆಯದು ಬಂದಾಗ ಯಾರೂ ಇನ್ನೊಮ್ಮೆ ಎಡವಲು ಸಿದ್ಧರಿರಲಿಲ್ಲ. ಐದು ನಕ್ಷತ್ರಗಳು ಧಾರಾಳವಾಗಿ ಉದುರಿದವು. ಬ್ರಿಟನ್ನಿನಲ್ಲಿ ಮೊದಲ ದಿನವೇ 4 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು. ಮೊದಲ ವಾರದ ಮಾರಾಟದಲ್ಲಿ ಅದು ಬರೆದ ದಾಖಲೆಯನ್ನು ಮುರಿಯಲು 2015ರಲ್ಲಿ ಗಾಯಕಿ ಅಡೆಲ್ ಬರಬೇಕಾಯಿತು.

ಆಮೇಲೆ ಜನ ಅದನ್ನು ಮನೆಗೆ ಒಯ್ದು ಎರಡನೆಯ ಸಲ, ಐದನೆಯ ಸಲ ಕೇಳಿದರು. 71 ನಿಮಿಷದ ಆಲ್ಬಮ್ ಅದು. ಒಂದರ ಮೇಲೊಂದು ಹೇರಿದ ಗಿಟಾರುಗಳು, ಮುಗಿಯಿತೆಂದರೂ ಮುಗಿಯದ ಒಂಬತ್ತು ನಿಮಿಷದ ಹಾಡು. ಅಬ್ಬರ ಇಳಿದಾಗ ಅಡಿಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಹಾಡು ಬರೆದ ನೋಯಲ್ ಗ್ಯಾಲಗರ್ ಅವರೇ ಅದನ್ನು ಸಂದರ್ಶನಗಳಲ್ಲಿ ಹಳಿದರು. 2006ರಲ್ಲಿ ತಂಡದ ಆಯ್ದ ಹಾಡುಗಳ ಸಂಕಲನ ‘ಸ್ಟಾಪ್ ದಿ ಕ್ಲಾಕ್ಸ್’ ಬಂದಾಗ ಅದರಲ್ಲಿ ‘ಬಿ ಹಿಯರ್ ನೌ’ದ ಒಂದು ಹಾಡೂ ಇರಲಿಲ್ಲ.

ಮರಳಿ ಮರಳಿ ಕೇಳಿದರೆ ಎಲ್ಲವೂ ರುಚಿಸುತ್ತದೆ ಎಂಬುದು ನಿಜವಾಗಿದ್ದರೆ ಈ ಆಲ್ಬಮ್ ಇಂದು ಮೇರು ಕೃತಿಯಾಗಿರಬೇಕಿತ್ತು. ಆಗಲಿಲ್ಲ. ಮೊದಲ ಕೇಳುವಿಕೆ ಅದನ್ನು ಎತ್ತಿ ಹೊತ್ತಿತು, ಮುಂದಿನವು ಇಳಿಸಿದವು. ಮೊದಲ ಅನಿಸಿಕೆಯ ಹಿಂದೆ ಕೆಲಸ ಮಾಡಿದ್ದು ಹಿಂದಿನ ಆಲ್ಬಮ್ ಎಂಬುದು ಇಲ್ಲೂ ಅಷ್ಟೇ ನಿಜ. 2018ರಲ್ಲಿ ಅದು ನಿರಾಸೆಯ ರೂಪದಲ್ಲಿ ಬಂತು, 1997ರಲ್ಲಿ ಭಯದ ರೂಪದಲ್ಲಿ.

ರೇಡಿಯೊಹೆಡ್ ತಂಡದ ‘ಕಿಡ್ ಎ’ ತದ್ವಿರುದ್ಧ ದಿಕ್ಕಿನ ಕಥೆ. 1997ರ ‘ಒಕೆ ಕಂಪ್ಯೂಟರ್’ ಕೇಳಿ ತಲೆದೂಗಿದವರ ಎದುರಿಗೆ 2000ದ ಅಕ್ಟೋಬರಿನಲ್ಲಿ ಗಿಟಾರ್ ಬದಿಗಿಟ್ಟು ಎಲೆಕ್ಟ್ರಾನಿಕ್ ಸದ್ದು, ಕತ್ತರಿಸಿದ ಮಾತು, ತುತ್ತೂರಿಗಳ ಗಲಭೆ ಬಂದು ನಿಂತವು. ಇದಕ್ಕೂ ಸಿಂಗಲ್ ಇರಲಿಲ್ಲ. ಬ್ರಿಟನ್ನಿನ ಹಳೆಯ ವಾರಪತ್ರಿಕೆ ‘ಮೆಲೊಡಿ ಮೇಕರ್’ ಐದಕ್ಕೆ ಒಂದೂವರೆ ನಕ್ಷತ್ರ ಕೊಟ್ಟು ಸಾಗಹಾಕಿತು. ಒಂಬತ್ತು ವರ್ಷ ಕಳೆದು ದಶಕದ ಲೆಕ್ಕ ತೆಗೆಯುವ ಹೊತ್ತಿಗೆ ‘ರೋಲಿಂಗ್ ಸ್ಟೋನ್’ ಪತ್ರಿಕೆ ಮತ್ತು ‘ಪಿಚ್‌ಫೋರ್ಕ್’ ಜಾಲತಾಣ ಎರಡೂ ಆ ದಶಕದ ಅತ್ಯುತ್ತಮ ಆಲ್ಬಮ್ ಎಂದು ಆರಿಸಿದ್ದು ಇದನ್ನೇ.

ಆದರೆ ‘ಕಿಡ್ ಎ’ ವಿರುದ್ಧ ಬಂದ ಬರಹಗಳಲ್ಲಿ ಒಂದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾದಂಬರಿಕಾರ ನಿಕ್ ಹಾರ್ನ್‌ಬಿ ಆ ತಿಂಗಳೇ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದರು. ಇಂಥ ಆಲ್ಬಮ್ಮಿಗೆ ರಾತ್ರಿಗಟ್ಟಲೆ ಕೂತು ಕೇಳುವ ತಾಳ್ಮೆ ಬೇಕು, ಹದಿನಾರರ ಹುಡುಗರಿಗೆ ಅದು ಇರುತ್ತದೆ, ಸಂಬಳಕ್ಕೆ ದುಡಿಯುವ, ಮನೆಮಕ್ಕಳು ಇರುವ ದೊಡ್ಡವರಿಗೆ ಎಲ್ಲಿಂದ ಬರಬೇಕು ಎಂಬುದು ಅವರ ವಾದದ ತಿರುಳು. ಪ್ರಚಲಿತ ಅಭಿಪ್ರಾಯದ ಪರವಾಗಿ ಇದಕ್ಕಿಂತ ಪ್ರಾಮಾಣಿಕವಾದ ಮಾತು ಸಿಗದು.

ಪ್ರಾಮಾಣಿಕವಾದದ್ದರಿಂದಲೇ ಅದರ ಬಿರುಕೂ ಕಾಣುತ್ತದೆ. ‘ಬಿಡುವಿಲ್ಲ’ ಎಂಬುದು ಒಂದು ವಾಕ್ಯ, ‘ಆಲ್ಬಮ್ ಚೆನ್ನಾಗಿಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಕೇಳುಗರ ಸ್ಥಿತಿಗತಿ, ಎರಡನೆಯದು ಕೃತಿಯ ಮೇಲಿನ ತೀರ್ಪು. ಒಂದರ ಕಾಗದಪತ್ರ ತೋರಿಸಿ ಇನ್ನೊಂದನ್ನು ನೋಂದಾಯಿಸಿಕೊಳ್ಳುವುದು ನ್ಯಾಯವಲ್ಲ. ಅಲ್ಲದೆ ಬಿಡುವಿನ ಲೆಕ್ಕವೂ ಅಷ್ಟು ಗಟ್ಟಿಯಲ್ಲ. 41 ನಿಮಿಷದ ಆಲ್ಬಮ್ ಐದು ಸಲ ಕೇಳಲು ಹಿಡಿಯುವುದು 205 ನಿಮಿಷ, ಹೆಚ್ಚುಕಡಿಮೆ ಒಂದು ಟಿ–20 ಪಂದ್ಯದಷ್ಟು ಹೊತ್ತು. ಐಪಿಎಲ್ ನಡೆಯುವ ಎರಡು ತಿಂಗಳು ದಿನಕ್ಕೊಂದು ಪಂದ್ಯ ನೋಡುವ ಮನೆಗಳಲ್ಲೂ ಸಂಬಳದವರೇ ಇದ್ದಾರೆ.

ಇನ್ನು ಒಗ್ಗಿದ ಕಿವಿಯ ವಿಷಯ. ಇದು ಕನ್ನಡಿಗರಿಗೆ ದೂರದ ಮಾತಲ್ಲ. 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ಪದ ಗಿಟಾರ್, ಡ್ರಮ್ಸ್ ಜೊತೆಗೆ ಇತ್ತು. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಷರೀಫರ ತತ್ವಪದಗಳನ್ನು ಕೇಳಿ ಬೆಳೆದ ಕಿವಿಗೆ ಅಲ್ಲಿ ಮೊದಲು ಕೇಳಿಸುವುದು ಯಾವುದು? ಅಶ್ವತ್ಥ್ ಇಲ್ಲದಿರುವುದು. ಅವರ ಏರುದನಿಯ ಜಾಗ ಖಾಲಿ ಬಿದ್ದಂತೆ ಅನಿಸುತ್ತದೆ. ಆ ಖಾಲಿತನಕ್ಕೆ ಒಗ್ಗಿದ ಮೇಲಷ್ಟೇ ಹೊಸ ಹಾಡುಗಾರಿಕೆಯ ಲಯ ಕಿವಿಗೆ ಬೀಳಲು ಶುರುವಾಗುವುದು. ಆಮೇಲೆ ಅದು ಹಿಡಿಸಬಹುದು, ಹಿಡಿಸದೆಯೂ ಇರಬಹುದು. ಆದರೆ ಅಭಿಪ್ರಾಯವೊಂದು ಹುಟ್ಟುವುದು ಆಗಲೇ. ಅದಕ್ಕೆ ಮೊದಲು ಇರುವುದು ಹಳೆಯದರ ನೆನಪು.

ಇದೆಲ್ಲ ಬರೀ ರುಚಿಯ ಜಗಳವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮೊದಲ ಅನಿಸಿಕೆಗೆ ಬೆಲೆ ತೆರುವವರು ಬೇರೆ ಇದ್ದಾರೆ.

ವೀಜರ್ ತಂಡದ ‘ಪಿಂಕರ್ಟನ್’ 1996ರ ಸೆಪ್ಟೆಂಬರಿನಲ್ಲಿ ಬಂದಾಗ ‘ರೋಲಿಂಗ್ ಸ್ಟೋನ್’ ಓದುಗರು ಅದನ್ನು ವರ್ಷದ ಅತಿ ಕೆಟ್ಟ ಆಲ್ಬಮ್‌ಗಳ ಸಾಲಿಗೆ ಸೇರಿಸಿದರು. ಹಾಡು ಬರೆದ ರಿವರ್ಸ್ ಕ್ವೋಮೊ ತಮ್ಮ ಒಂಟಿತನ, ಅಸೂಯೆ, ಮುಜುಗರಗಳನ್ನು ಮುಚ್ಚುಮರೆಯಿಲ್ಲದೆ ಅಲ್ಲಿ ಸುರಿದಿದ್ದರು. ಪೆಟ್ಟು ಆಳಕ್ಕೆ ಇಳಿಯಿತು. ಮುಂದಿನ ಆಲ್ಬಮ್ ಬರಲು ಐದು ವರ್ಷ ಬೇಕಾಯಿತು. ಬಂದದ್ದು ಎಲ್ಲ ಒರಟನ್ನೂ ಉಜ್ಜಿ ನುಣುಪು ಮಾಡಿದ ಆಲ್ಬಮ್. ಅಷ್ಟರಲ್ಲಿ ‘ಪಿಂಕರ್ಟನ್’ ಕೈಯಿಂದ ಕೈಗೆ ದಾಟುತ್ತ ಹೊಸ ತಲೆಮಾರಿನ ತಂಡಗಳಿಗೆ ಪಠ್ಯಪುಸ್ತಕವಾಗಿತ್ತು. 2004ರಲ್ಲಿ ಅದೇ ‘ರೋಲಿಂಗ್ ಸ್ಟೋನ್’ ಅದಕ್ಕೆ ಐದಕ್ಕೆ ಐದು ಕೊಟ್ಟಿತು. ಆದರೆ 1996ರ ಕ್ವೋಮೊ ಮುಂದೆ ಬರೆಯಬಹುದಾಗಿದ್ದ ಆಲ್ಬಮ್ ಬರಲಿಲ್ಲ.

ಷಿಕಾಗೊದ ವಿಲ್ಕೊ ತಂಡಕ್ಕೆ ಈ ಪೆಟ್ಟು ಕಂಪನಿಯ ಕಚೇರಿಯಿಂದಲೇ ಬಿತ್ತು. 2001ರಲ್ಲಿ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಮುಗಿಸಿ ಕೊಟ್ಟಾಗ ವಾರ್ನರ್ ಸಮೂಹದ ರೀಪ್ರೈಸ್ ಲೇಬಲ್ ಇದು ಮಾರುಕಟ್ಟೆಗೆ ಆಗದು ಎಂದು ಬಿಡುಗಡೆಗೆ ನಿರಾಕರಿಸಿತು. ತಂಡ ಧ್ವನಿಮುದ್ರಿಕೆಯ ಹಕ್ಕು ಬಿಡಿಸಿಕೊಂಡು ಹೊರಬಿದ್ದು, ಸೆಪ್ಟೆಂಬರ್ 18ರಂದು ಇಡೀ ಆಲ್ಬಮ್ಮನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೇಳಲು ಬಿಟ್ಟಿತು. ಅಂಗಡಿಗೇ ಬಾರದ ಆ ಹಾಡುಗಳನ್ನು ಸಂಗೀತ ಕಛೇರಿಗಳಲ್ಲಿ ಸಭಿಕರು ಜೊತೆಗೂಡಿ ಹಾಡತೊಡಗಿದರು. ಅದನ್ನು ಮತ್ತೆ ಕೊಂಡು 2002ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ್ದು ನಾನ್‌ಸಚ್ ಎಂಬ ಲೇಬಲ್. ಅದೂ ವಾರ್ನರ್ ಸಮೂಹದ್ದೇ. ಒಂದೇ ಮನೆ ಒಂದೇ ಆಲ್ಬಮ್ಮಿಗೆ ಎರಡು ಸಲ ದುಡ್ಡು ಕೊಟ್ಟಿತು. ಆಮೇಲೆ ಅದು ಐದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಇಂದು ಆ ಕಚೇರಿಯ ಕೆಲಸವನ್ನು ಯಂತ್ರವೇ ಮಾಡುತ್ತದೆ. ಸ್ಪಾಟಿಫೈ ಲೆಕ್ಕದಲ್ಲಿ ಹಾಡೊಂದು ‘ಕೇಳಿದ್ದು’ ಎನಿಸಿಕೊಳ್ಳಲು 30 ಸೆಕೆಂಡು ಓಡಬೇಕು. ಅದಕ್ಕೆ ಮೊದಲೇ ಬೆರಳು ಮುಂದಿನದಕ್ಕೆ ಜಾರಿದರೆ ತಂಡಕ್ಕೆ ಕಾಸಿಲ್ಲ. 1986ರಿಂದ 2015ರವರೆಗಿನ ಅಮೆರಿಕದ ಜನಪ್ರಿಯ ಹಾಡುಗಳನ್ನು ಅಳೆದ ಒಂದು ಸಂಶೋಧನೆ, ದನಿ ಶುರುವಾಗುವ ಮುನ್ನದ ವಾದ್ಯದ ಪೀಠಿಕೆ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡುಗಳಿಂದ ಐದರ ಆಸುಪಾಸಿಗೆ ಕುಗ್ಗಿದೆ ಎಂದು ತೋರಿಸಿತು. ಮೊದಲ ಅನಿಸಿಕೆಯೇ ಸತ್ಯ ಎಂಬ ಮಾತನ್ನು ರಸಿಕತೆಯ ದೊಡ್ಡ ತತ್ವವೆಂದು ಹೇಳುವವರು, ಅದರಿಂದ ಲಾಭ ಯಾರಿಗೆ ಎಂದು ಒಮ್ಮೆ ನೋಡಬೇಕು. ಮೊದಲ ಅರ್ಧ ನಿಮಿಷದಲ್ಲೇ ಗಿರಾಕಿಯನ್ನು ಹಿಡಿಯಬಲ್ಲ ಸರಕು ಬೇಕಾದವರಿಗೆ ಆ ತತ್ವ ಬಹಳ ಅನುಕೂಲದ್ದು. ಬ್ರಿಗೇಡ್ ರಸ್ತೆಯಲ್ಲಿ ತಿಂಗಳ ಪಾಕೆಟ್ ಮನಿ ಸುರಿದು ಒಂದೇ ಒಂದು ಕ್ಯಾಸೆಟ್ ಕೊಳ್ಳುತ್ತಿದ್ದ ತೊಂಬತ್ತರ ದಶಕದ ಹುಡುಗನಿಗೆ ಈ ಸೌಲಭ್ಯ ಇರಲಿಲ್ಲ. ಹಿಡಿಸದಿದ್ದರೂ ಬಿ ಸೈಡ್ ತಿರುಗಿಸಿ ಕೇಳಲೇಬೇಕಿತ್ತು, ಮುಂದಿನ ತಿಂಗಳವರೆಗೆ ಬೇರೆ ಗತಿ ಇರಲಿಲ್ಲ.

ವಿಮರ್ಶಕರಿಗೂ ತಮ್ಮ ಅವಸರದ ಅರಿವು ತಡವಾಗಿ ಆಗಿದೆ. ಸೊನ್ನೆಯಿಂದ ಹತ್ತರವರೆಗೆ ದಶಮಾಂಶ ಹಾಕಿ ಅಂಕ ಕೊಡುವ ‘ಪಿಚ್‌ಫೋರ್ಕ್’ 2021ರ ಅಕ್ಟೋಬರಿನಲ್ಲಿ ತನ್ನ 19 ಹಳೆಯ ತೀರ್ಪುಗಳನ್ನು ತಿದ್ದಿತು. ವಿಲ್ಕೊದ ‘ಸ್ಕೈ ಬ್ಲೂ ಸ್ಕೈ’ 5.2ರಿಂದ 8.5ಕ್ಕೆ ಏರಿತು. ಇಂಟರ್‌ಪೋಲ್ ತಂಡದ ಚೊಚ್ಚಲ ಆಲ್ಬಮ್ 9.5ರಿಂದ 7ಕ್ಕೆ ಇಳಿಯಿತು. 2003ರಲ್ಲಿ 0.0 ಪಡೆದಿದ್ದ ಗಾಯಕಿ ಲಿಜ್ ಫೇರ್ ಅವರ ಆಲ್ಬಮ್ಮಿಗೆ 6 ಸಿಕ್ಕಿತು. ಆ ಸೊನ್ನೆ ಕೊಟ್ಟ ಮ್ಯಾಟ್ ಲಮೇ 2019ರಲ್ಲೇ ಬಹಿರಂಗವಾಗಿ ಕ್ಷಮೆ ಕೇಳಿದ್ದರು. ಫೇರ್ ಅವರದೂ ಅದೇ ಅಪರಾಧ: 1993ರ ಒರಟು ಇಂಡೀ ಆಲ್ಬಮ್ಮಿನ ಹುಡುಗಿ ಹತ್ತು ವರ್ಷದ ಮೇಲೆ ನುಣುಪಾದ ಪಾಪ್ ಹಾಡಿದ್ದು.

ಮೊದಲ ಅನಿಸಿಕೆಯನ್ನು ಯಾರೂ ಬಾಯಿ ಕಟ್ಟಿ ಕೂರಿಸಬೇಕಿಲ್ಲ. ಅದರಲ್ಲಿ ಬೆರಗಿದೆ, ಜಗಳದ ಖುಷಿಯಿದೆ, ಹೊಸ ಆಲ್ಬಮ್ ಬಂದ ರಾತ್ರಿಯ ಸಡಗರವಿದೆ. ಕೆಲವು ಆಲ್ಬಮ್‌ಗಳು ಮೊದಲ ಸಲ ಕೆಟ್ಟದಾಗಿದ್ದು ನೂರನೆಯ ಸಲವೂ ಕೆಟ್ಟದಾಗಿಯೇ ಇರುತ್ತವೆ ಎಂಬುದೂ ದಿಟ. ತಕರಾರು ಇರುವುದು ಅನಿಸಿಕೆ ತೀರ್ಪಿನ ಕುರ್ಚಿ ಏರಿದಾಗ, ಅದಕ್ಕೆ ದಶಮಾಂಶ ಅಂಟಿದಾಗ, ಆ ದಶಮಾಂಶದಿಂದ ಅಂಗಡಿಯವರು ಎಷ್ಟು ಪ್ರತಿ ತರಿಸಬೇಕು, ತಂಡದ ಪ್ರವಾಸಕ್ಕೆ ಯಾವ ಊರಿನ ಸಭಾಂಗಣ ಸಿಗಬೇಕು ಎಂಬುದು ನಿರ್ಧಾರವಾದಾಗ.

ಇದಕ್ಕೆ ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ಔಷಧದ ಬಾಟಲಿಯ ಮೇಲೆ ತಯಾರಿಕೆಯ ದಿನಾಂಕ ಇರುವಂತೆ, ಪ್ರತಿ ವಿಮರ್ಶೆಯ ಅಂಕದ ಪಕ್ಕದಲ್ಲಿ ಎಷ್ಟು ಸಲ ಕೇಳಿ ಬರೆದದ್ದು, ಎಷ್ಟು ದಿನದ ಅಂತರದಲ್ಲಿ ಕೇಳಿದ್ದು ಎಂಬ ಎರಡು ಅಂಕಿ ಇರಲಿ. ಓದುಗರು ಆಮೇಲೆ ತಮಗೆ ತೋಚಿದಂತೆ ಮಾಡಿಕೊಳ್ಳಲಿ. ‘ಬಿ ಹಿಯರ್ ನೌ’ಗೆ ಸಿಕ್ಕ ಐದು ನಕ್ಷತ್ರದ ಪಕ್ಕ, ‘ಕಿಡ್ ಎ’ಗೆ ಸಿಕ್ಕ ಒಂದೂವರೆಯ ಪಕ್ಕ, ಲಿಜ್ ಫೇರ್‌ಗೆ ಸಿಕ್ಕ ಆ ದುಂಡು ಸೊನ್ನೆಯ ಪಕ್ಕ ಅಂಥ ಅಂಕಿ ಮುದ್ರಿಸಬೇಕಾಗಿ ಬಂದಿದ್ದರೆ, ಪತ್ರಿಕೆಗಳು ಅಲ್ಲಿ ಏನೆಂದು ಬರೆದುಕೊಳ್ಳುತ್ತಿದ್ದವು?